ಕರ್ನಾಟಕದ ಫಲಪುಷ್ಪ ಪ್ರದರ್ಶನಗಳಲ್ಲಿ ಸುಗಮ್ಯತೆ

ಕರ್ನಾಟಕದ ಫಲಪುಷ್ಪ ಪ್ರದರ್ಶನಗಳಲ್ಲಿ ಸುಗಮ್ಯತೆ ಎಂಬುದು ಗಾಲಿಕುರ್ಚಿ, ಊರುಗೋಲು ಅಥವಾ ವಾಕರ್ ಬಳಸುವವರು, ವಯೋವೃದ್ಧರು ಮತ್ತು ಹೆಚ್ಚು ಹೊತ್ತು ನಡೆಯಲು ಅಥವಾ ನಿಲ್ಲಲು ಆಗದವರು ಇಂತಹ ಪ್ರದರ್ಶನಗಳಿಗೆ ಬಂದು, ನೋಡಿ, ಸುರಕ್ಷಿತವಾಗಿ ಊರಿಗೆ ಮರಳಲು ಇರುವ ಅನುಕೂಲಗಳನ್ನೂ ಅಡೆತಡೆಗಳನ್ನೂ ಸೂಚಿಸುತ್ತದೆ. ರಾಜ್ಯದ ಅತಿ ದೊಡ್ಡ ಫಲಪುಷ್ಪ ಪ್ರದರ್ಶನವು ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದಲ್ಲಿ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಮೈಸೂರಿನಲ್ಲಿ ದಸರಾ ಸಂದರ್ಭದಲ್ಲಿ ಕುಪ್ಪಣ್ಣ ಉದ್ಯಾನದಲ್ಲಿಯೂ ಹಲವು ಜಿಲ್ಲಾ ಕೇಂದ್ರಗಳಲ್ಲಿ ತೋಟಗಾರಿಕೆ ಇಲಾಖೆಯ ಆಶ್ರಯದಲ್ಲಿಯೂ ಪ್ರದರ್ಶನಗಳು ಏರ್ಪಡುತ್ತವೆ.

ಉದ್ಯಾನದ ದ್ವಾರದಲ್ಲಿ ಇಳಿಜಾರು ದಾರಿ ಇದ್ದ ಮಾತ್ರಕ್ಕೆ ಪ್ರದರ್ಶನವು ಸುಗಮ್ಯವಾಗುವುದಿಲ್ಲ. ಮನೆಯಿಂದ ಬಸ್ಸು, ಬಸ್ಸಿನಿಂದ ದ್ವಾರ, ದ್ವಾರದಿಂದ ಗಾಜಿನ ಮನೆ, ಅಲ್ಲಿಂದ ಶೌಚಾಲಯ, ಮತ್ತೆ ಮನೆ – ಇವು ಒಂದೇ ಸರಪಳಿಯ ಕೊಂಡಿಗಳು. ಇವುಗಳಲ್ಲಿ ಒಂದು ಕಡಿದರೂ ಭೇಟಿ ಅಸಾಧ್ಯವಾಗುತ್ತದೆ. ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನ ಗೋಪಿನಾಥಂನಂತಹ ಗಡಿಗ್ರಾಮಗಳ ನಿವಾಸಿಗಳಿಗೆ ಈ ಸರಪಳಿಯ ಅತಿ ಉದ್ದದ ಕೊಂಡಿ ಉದ್ಯಾನದ ಹೊರಗೇ ಇದೆ.

## ಪರಿಭಾಷೆ

'ಸುಗಮ್ಯತೆ' ಎಂದರೆ ಸ್ಥಳ, ವಾಹನ, ಮಾಹಿತಿ ಅಥವಾ ಸೇವೆಯೊಂದನ್ನು ಎಲ್ಲರೂ ಸಾಧ್ಯವಾದಷ್ಟು ಸ್ವತಂತ್ರವಾಗಿ ಹಾಗೂ ಘನತೆಯಿಂದ ಬಳಸಲು ಅನುವಾಗುವ ಸ್ಥಿತಿ. 2015ರ ಡಿಸೆಂಬರ್ 3ರಂದು, ಅಂದರೆ ವಿಶ್ವ ವಿಕಲಚೇತನರ ದಿನದಂದು, ಕೇಂದ್ರ ಸರ್ಕಾರವು ಆರಂಭಿಸಿದ 'ಸುಗಮ್ಯ ಭಾರತ ಅಭಿಯಾನ'ದಿಂದ ಈ ಪದವು ಹೆಚ್ಚು ಬಳಕೆಗೆ ಬಂದಿತು. ಕರ್ನಾಟಕ ಸರ್ಕಾರದ ಆದೇಶ ಮತ್ತು ಯೋಜನೆಗಳಲ್ಲಿ 'ವಿಕಲಚೇತನರು' ಎಂಬ ಪದ ರೂಢಿಯಲ್ಲಿದೆ.

ಚಲನಸಾಮರ್ಥ್ಯ ಕುಗ್ಗಿರುವವರ ವರ್ಗವು ವಿಕಲಚೇತನರ ವರ್ಗಕ್ಕಿಂತ ವಿಶಾಲವಾದುದು. ಮೊಣಕಾಲು ನೋವಿರುವ ವೃದ್ಧರು, ಗರ್ಭಿಣಿಯರು, ಮೂಳೆ ಮುರಿತದಿಂದ ಚೇತರಿಸಿಕೊಳ್ಳುತ್ತಿರುವವರು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿಂದ ಬೇಗ ದಣಿಯುವವರು ಇದರಲ್ಲಿ ಸೇರುತ್ತಾರೆ. ಇವರಲ್ಲಿ ಹಲವರ ಬಳಿ ಅಂಗವೈಕಲ್ಯದ ಪ್ರಮಾಣಪತ್ರ ಇರುವುದಿಲ್ಲ. ಆದ್ದರಿಂದ ಗುರುತಿನ ಚೀಟಿಯನ್ನು ಆಧರಿಸಿದ ರಿಯಾಯಿತಿಗಳು ಇವರಿಗೆ ದೊರೆಯುವುದಿಲ್ಲ. ಸಮತಟ್ಟಾದ ದಾರಿ, ಆಸನ ಮುಂತಾದ ಸಾರ್ವತ್ರಿಕ ಅನುಕೂಲಗಳೇ ಇವರಿಗೆ ಆಧಾರ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 2.68 ಕೋಟಿ ಹಾಗೂ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ಅಂಗವಿಕಲರಿದ್ದರು.

## ಪ್ರದರ್ಶನಗಳ ಹಿನ್ನೆಲೆ

ಹೈದರ್ ಅಲಿಯು 1760ರಲ್ಲಿ ಆರಂಭಿಸಿ ಟಿಪ್ಪು ಸುಲ್ತಾನನು ವಿಸ್ತರಿಸಿದ ಲಾಲ್‌ಬಾಗ್ ಇಂದು 240 ಎಕರೆ ವಿಸ್ತಾರವಾಗಿದೆ. ಇಲ್ಲಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನ ಮಾದರಿಯಲ್ಲಿ ರೂಪುಗೊಂಡ ಈ ಕಟ್ಟಡದ ನಿರ್ಮಾಣಕಾಲದಲ್ಲಿ ಜಾನ್ ಕ್ಯಾಮರಾನ್ ಉದ್ಯಾನದ ಅಧೀಕ್ಷಕರಾಗಿದ್ದರು. ಅವರ ನಂತರ ಬಂದ ಜರ್ಮನ್ ಸಸ್ಯವಿಜ್ಞಾನಿ ಜಿ. ಎಚ್. ಕ್ರುಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನಕಲಾ ಸಂಘ ಸ್ಥಾಪನೆಯಾಯಿತು. ತೋಟಗಾರಿಕೆ ಇಲಾಖೆ ಮತ್ತು ಈ ಸಂಘ ಸೇರಿ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ಪ್ರದರ್ಶನವನ್ನು ನಡೆಸುತ್ತವೆ.

ಪ್ರತಿ ಪ್ರದರ್ಶನಕ್ಕೂ ಒಂದು ವಿಷಯ ನಿಗದಿಯಾಗಿರುತ್ತದೆ. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, 2024ರ ಆಗಸ್ಟ್‌ನಲ್ಲಿ ಡಾ. ಬಿ. ಆರ್. ಅಂಬೇಡ್ಕರ್, 2025ರ ಜನವರಿಯಲ್ಲಿ ಮಹರ್ಷಿ ವಾಲ್ಮೀಕಿ, 2025ರ ಆಗಸ್ಟ್‌ನಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಹಾಗೂ ಸಂಗೊಳ್ಳಿ ರಾಯಣ್ಣ ಅವರನ್ನು ಕುರಿತ ಪುಷ್ಪ ಪ್ರದರ್ಶನಗಳು ನಡೆದವು. ಗಾಜಿನ ಮನೆಯ ನಡುವೆ ಹೂವುಗಳಿಂದ ಬೃಹತ್ ಪ್ರತಿಕೃತಿಯನ್ನು ನಿರ್ಮಿಸಲಾಗುತ್ತದೆ. ಸಂದರ್ಶಕರು ಸಾಲಾಗಿ ಅದರ ಸುತ್ತ ಸಾಗುತ್ತಾರೆ. ಇಕೆಬಾನ, ಕುಬ್ಜವೃಕ್ಷ, ತರಕಾರಿ ಕೆತ್ತನೆ ಮುಂತಾದ ಪೂರಕ ಕಲೆಗಳ ಸ್ಪರ್ಧೆಗಳೂ ಇರುತ್ತವೆ.

## ಕಾನೂನಿನ ಚೌಕಟ್ಟು

### ಅಂತರರಾಷ್ಟ್ರೀಯ ಒಪ್ಪಂದ

ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯು 2006ರ ಡಿಸೆಂಬರ್ 13ರಂದು ಅಂಗೀಕಾರವಾಯಿತು. ಭಾರತವು 2007ರ ಅಕ್ಟೋಬರ್ 1ರಂದು ಇದನ್ನು ಅನುಮೋದಿಸಿತು. ಇದರ 30ನೆಯ ವಿಧಿಯು ಸಾಂಸ್ಕೃತಿಕ ಜೀವನ, ಮನರಂಜನೆ, ವಿರಾಮ ಮತ್ತು ಕ್ರೀಡೆಯಲ್ಲಿ ಇತರರಿಗೆ ಸಮಾನವಾಗಿ ಭಾಗವಹಿಸುವ ಹಕ್ಕನ್ನು ಗುರುತಿಸುತ್ತದೆ. ಈ ದೃಷ್ಟಿಯಿಂದ ಹೂವಿನ ಪ್ರದರ್ಶನವನ್ನು ನೋಡುವ ಅವಕಾಶವೂ ಹಕ್ಕಿನ ವ್ಯಾಪ್ತಿಗೆ ಬರುತ್ತದೆ. ಅದು ಸಂಘಟಕರ ಔದಾರ್ಯಕ್ಕೆ ಬಿಟ್ಟ ವಿಚಾರವಲ್ಲ.

### ಭಾರತದ ಅಧಿನಿಯಮ

ಒಡಂಬಡಿಕೆಗೆ ಅನುಗುಣವಾಗಿ ರೂಪುಗೊಂಡ 'ವಿಕಲಚೇತನರ ಹಕ್ಕುಗಳ ಅಧಿನಿಯಮ, 2016' 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಪ್ರದರ್ಶನಗಳಿಗೆ ಸಂಬಂಧಿಸಿದ ಮುಖ್ಯ ಅಂಶಗಳು ಹೀಗಿವೆ:

* 29ನೆಯ ಪ್ರಕರಣ: ಸಂಸ್ಕೃತಿ ಮತ್ತು ಮನರಂಜನೆಯಲ್ಲಿ ವಿಕಲಚೇತನರ ಹಕ್ಕುಗಳನ್ನು ಸರ್ಕಾರವು ಉತ್ತೇಜಿಸಿ ಸಂರಕ್ಷಿಸಬೇಕು.
* 40ನೆಯ ಪ್ರಕರಣ: ಭೌತಿಕ ಪರಿಸರ, ಸಾರಿಗೆ, ಮಾಹಿತಿ ಮತ್ತು ಸಾರ್ವಜನಿಕ ಸೌಲಭ್ಯಗಳಿಗೆ ಸುಗಮ್ಯತೆಯ ಮಾನದಂಡಗಳನ್ನು ಕೇಂದ್ರ ಸರ್ಕಾರ ರೂಪಿಸಬೇಕು.
* 45ನೆಯ ಪ್ರಕರಣ: ಅಸ್ತಿತ್ವದಲ್ಲಿರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳ ಅಧಿಸೂಚನೆಯಿಂದ 5 ವರ್ಷಗಳೊಳಗೆ ಸುಗಮ್ಯಗೊಳಿಸಬೇಕು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದುದರಿಂದ ಈ ಅವಧಿ 2022ರ ಜೂನ್‌ಗೆ ಮುಗಿಯಿತು.
* 89ನೆಯ ಪ್ರಕರಣ: ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50,000 ರೂಪಾಯಿಗಳಿಂದ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಅಧಿನಿಯಮದ ಪ್ರಕಾರ 'ಸಾರ್ವಜನಿಕ ಕಟ್ಟಡ' ಎಂಬ ಪದದ ವ್ಯಾಪ್ತಿಯಲ್ಲಿ ವಿರಾಮ ಮತ್ತು ಮನರಂಜನೆಗೆ ಬಳಕೆಯಾಗುವ ಕಟ್ಟಡಗಳೂ ಸೇರಿವೆ.

### ರಾಜೀವ್ ರತೂರಿ ಪ್ರಕರಣ

ದೃಷ್ಟಿವಿಕಲರಾದ ರಾಜೀವ್ ರತೂರಿ ಅವರು ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಮಹತ್ವದ ತೀರ್ಪು ನೀಡಿತು. ಸುಗಮ್ಯತೆಯ ಮಾನದಂಡಗಳನ್ನು ಕುರಿತ 15ನೆಯ ನಿಯಮದ 1ನೆಯ ಉಪನಿಯಮವು ಕಡ್ಡಾಯ ಸ್ವರೂಪದ ಬದಲು ಶಿಫಾರಸಿನ ಸ್ವರೂಪದಲ್ಲಿರುವುದು ಮೂಲ ಅಧಿನಿಯಮದ ಆಶಯಕ್ಕೆ ವಿರುದ್ಧವೆಂದು ಪೀಠ ಹೇಳಿತು. ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. 'ಸಾಧ್ಯವಾದರೆ ಮಾಡಬಹುದು' ಎಂಬುದಕ್ಕೂ 'ಮಾಡಲೇಬೇಕು' ಎಂಬುದಕ್ಕೂ ಇರುವ ಅಂತರವನ್ನು ಈ ತೀರ್ಪು ಸ್ಪಷ್ಟಪಡಿಸಿತು.

### ದೂರು

ಅಧಿನಿಯಮದ ಉಲ್ಲಂಘನೆಯ ಕುರಿತು ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು. ಮಂಡ್ಯ ಜಿಲ್ಲೆಯವರಾದ, ಬಾಲ್ಯದಲ್ಲೇ ಪೋಲಿಯೊದಿಂದ ಕೈಕಾಲುಗಳನ್ನು ಕಳೆದುಕೊಂಡ ಕೆ. ಎಸ್. ರಾಜಣ್ಣ ಅವರು ಈ ಹುದ್ದೆಯಲ್ಲಿ ಸೇವೆ ಸಲ್ಲಿಸಿದ್ದರು. ಅವರಿಗೆ 2024ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

## ಪ್ರದರ್ಶನದ ಆವರಣ

### ದಾರಿ ಮತ್ತು ನೆಲ

ಗಾಲಿಕುರ್ಚಿಯ ಚಲನೆಗೆ ನೆಲದ ಗುಣವೇ ಮುಖ್ಯ. ಕಲ್ಲುಚಪ್ಪಡಿಯ ಸಂದು, ಸಡಿಲ ಜಲ್ಲಿ, ಮಳೆಗೆ ನೆನೆದ ಹುಲ್ಲು – ಇವುಗಳಲ್ಲಿ ಮುಂಭಾಗದ ಚಿಕ್ಕ ಚಕ್ರಗಳು ಸಿಕ್ಕಿಕೊಳ್ಳುತ್ತವೆ. ಆಗಸ್ಟ್ ತಿಂಗಳ ಪ್ರದರ್ಶನವು ಮಳೆಗಾಲದಲ್ಲಿ ಬರುವುದರಿಂದ ಈ ತೊಂದರೆ ಜನವರಿಗಿಂತ ಹೆಚ್ಚು. ವಿದ್ಯುತ್ ತಂತಿ ಮತ್ತು ನೀರಿನ ಕೊಳವೆಗಳನ್ನು ದಾರಿಗೆ ಅಡ್ಡಲಾಗಿ ಹಾಯಿಸಿದರೆ ನಡೆಯುವವರಿಗೆ ಅದು ಗಮನಕ್ಕೂ ಬಾರದು. ಗಾಲಿಕುರ್ಚಿಗೆ ಮತ್ತು ಊರುಗೋಲಿಗೆ ಅದು ತಡೆಯಾಗುತ್ತದೆ.

ಭಾರತದಲ್ಲಿ ಸಾಮಾನ್ಯವಾಗಿ ಅನುಸರಿಸುವ ಅಳತೆಗಳು ಹೀಗಿವೆ:

* ರ‍್ಯಾಂಪ್‌ನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿನ ಬದಲಿಗೆ ಕನಿಷ್ಠ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು.
* ಬಾಗಿಲಿನ ತೆರವು 90 ಸೆಂ.ಮೀ. ಇರಬೇಕು.
* ಗಾಲಿಕುರ್ಚಿ ತಿರುಗಲು 1.5 ಮೀಟರ್ ಜಾಗ ಬೇಕು.
* ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ದಾಟಲು 1.8 ಮೀಟರ್ ಅಗಲ ಬೇಕು.

ಲಾಲ್‌ಬಾಗ್‌ನ ಮುಖ್ಯ ಮಾರ್ಗಗಳು ಅಗಲವಾಗಿವೆ. ಉದ್ಯಾನದ ಬಂಡೆಯು ಇದಕ್ಕೆ ಹೊರತು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಪೆನಿನ್ಸುಲಾರ್ ನೈಸ್ ಶಿಲೆಯ ಈ ಗುಡ್ಡವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದ್ದು, ಅದರ ನೆತ್ತಿಯಲ್ಲಿ ಕೆಂಪೇಗೌಡ ಗೋಪುರವಿದೆ. ಇಳಿಜಾರಾದ ಬರಿಯ ಬಂಡೆಯ ಮೇಲೆ ಗಾಲಿಕುರ್ಚಿ ಒಯ್ಯುವುದು ಅಪಾಯಕರ. ಇಂತಹ ನೈಸರ್ಗಿಕ ಸ್ಮಾರಕವನ್ನು ಕೊರೆದು ದಾರಿ ಮಾಡುವುದೂ ಸೂಕ್ತವಲ್ಲ. ಕೆಳಗಿನಿಂದಲೇ ಬಂಡೆಯನ್ನು ಚೆನ್ನಾಗಿ ನೋಡಬಹುದಾದ ನೆಲೆ ಮತ್ತು ವಿವರಣಾ ಫಲಕಗಳು ಇಂತಹ ಕಡೆ ಪರ್ಯಾಯವಾಗುತ್ತವೆ.

### ದೂರ ಮತ್ತು ವಿಶ್ರಾಂತಿ

ನಿಧಾನವಾಗಿ ನಡೆಯಬಲ್ಲವರಿಗೆ ಮೆಟ್ಟಿಲಿಗಿಂತ ದೂರವೇ ದೊಡ್ಡ ಅಡ್ಡಿ. ಉದ್ಯಾನದೊಳಗೆ ಬ್ಯಾಟರಿ ಚಾಲಿತ ವಾಹನಗಳ ಸೇವೆ ಇದೆ. ಆದರೆ ಕುರ್ಚಿಯಿಂದ ವಾಹನದ ಆಸನಕ್ಕೆ ತಾವೇ ದಾಟಲಾಗದವರಿಗೆ ಈ ಬಗೆಯ ವಾಹನದಲ್ಲಿ ಸಹಾಯಕರ ನೆರವು ಬೇಕಾಗುತ್ತದೆ. ದಾರಿಯುದ್ದಕ್ಕೂ ಬೆನ್ನು ಮತ್ತು ತೋಳುಗಳಿಗೆ ಆಸರೆಯಿರುವ ಆಸನಗಳನ್ನು ಹಾಕುವುದು ಕಡಿಮೆ ಖರ್ಚಿನ, ಹೆಚ್ಚು ಜನರಿಗೆ ಉಪಯುಕ್ತವಾದ ಕ್ರಮ. ತೋಳಾಸರೆಯಿಲ್ಲದ ತಗ್ಗಿನ ಕಲ್ಲುಬೆಂಚಿನಿಂದ ಮೇಲೇಳುವುದು ಮೊಣಕಾಲು ನೋವಿರುವವರಿಗೆ ಕಷ್ಟ.

### ಜನಸಂದಣಿ

ಲಾಲ್‌ಬಾಗ್ ಪ್ರದರ್ಶನಕ್ಕೆ ಲಕ್ಷಾಂತರ ಜನ ಬರುತ್ತಾರೆ. ರಜಾದಿನಗಳಲ್ಲಿ ಗಾಜಿನ ಮನೆಯ ಸಾಲು ನಿಂತು ನಿಂತು ಸಾಗುತ್ತದೆ. ಸಾಲಿನ ನಡುವೆ ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಮುಂದಿರುವವರ ಬೆನ್ನು ಮಾತ್ರ ಕಾಣುತ್ತದೆ. ಕುಳಿತವರ ಕಣ್ಣಿನ ಮಟ್ಟ ನೆಲದಿಂದ ಸುಮಾರು 1.1ರಿಂದ 1.2 ಮೀಟರ್ ಎತ್ತರದಲ್ಲಿರುತ್ತದೆ. ಎತ್ತರದ ಪುಷ್ಪ ಪ್ರತಿಕೃತಿಯ ಮೇಲ್ಭಾಗ ಅವರಿಗೆ ಕಂಡರೂ ಕೆಳಗಿನ ಹೂಕುಂಡಗಳ ಜೋಡಣೆ, ಮೇಜಿನ ಮೇಲಿನ ಕುಬ್ಜವೃಕ್ಷ ಮತ್ತು ಸಸ್ಯಗಳ ಹೆಸರಿನ ಫಲಕಗಳು ಮರೆಯಾಗುತ್ತವೆ.

ಈ ತೊಡಕಿಗೆ ಕಟ್ಟಡದ ಮಾರ್ಪಾಡಿಗಿಂತ ವ್ಯವಸ್ಥೆಯ ಮಾರ್ಪಾಡು ಬೇಕು. ಪ್ರತ್ಯೇಕ ಸಾಲು, ತಡೆಗಂಬಿಯ ಮುಂಬದಿಯಲ್ಲಿ ನಿಲ್ಲಲು ಕಾದಿರಿಸಿದ ಜಾಗ, ಬೆಳಗಿನ ಮೊದಲ ಗಂಟೆಯಲ್ಲಿ ಆದ್ಯತೆಯ ಪ್ರವೇಶ – ಇವು ಜಗತ್ತಿನ ಹಲವೆಡೆ ರೂಢಿಯಲ್ಲಿರುವ ಕ್ರಮಗಳು. ವಾರದ ಕೆಲಸದ ದಿನಗಳ ಬೆಳಗಿನ ಹೊತ್ತಿನಲ್ಲಿ ಜನಸಂದಣಿ ಕಡಿಮೆ ಇರುತ್ತದೆ. ತುರ್ತು ಸಂದರ್ಭದಲ್ಲಿ ಜನರನ್ನು ಹೊರಕಳುಹಿಸುವ ಮಾರ್ಗದಲ್ಲಿ ಮೆಟ್ಟಿಲುಗಳಿದ್ದರೆ ಅಪಾಯ ಹೆಚ್ಚುವುದರಿಂದ, ಸುಗಮ ನಿರ್ಗಮನ ಮಾರ್ಗವು ಸುಗಮ ಪ್ರವೇಶದಷ್ಟೇ ಅಗತ್ಯ.

### ಶೌಚಾಲಯ

ಭೇಟಿಯ ಅವಧಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಶೌಚಾಲಯ. ಬಳಸಲು ಆಗುವ ಶೌಚಾಲಯ ಸಿಗದೆಂಬ ಅಳುಕಿನಿಂದ ನೀರು ಕುಡಿಯದೆ ದಿನ ಕಳೆಯುವುದು ಗಾಲಿಕುರ್ಚಿ ಬಳಸುವವರಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ, ಕಂಡುಬರುತ್ತದೆ. ಬೆನ್ನುಹುರಿಯ ಗಾಯವಾದವರಲ್ಲಿ ಇದರಿಂದ ಮೂತ್ರನಾಳದ ಸೋಂಕು ಉಂಟಾಗಬಹುದು. ಅಗಲವಾದ ಬಾಗಿಲು, ಒಳಗೆ ತಿರುಗಲು ಜಾಗ, ಕುರ್ಚಿಯ ಎತ್ತರದ ಕಮೋಡ್, ಗೋಡೆಗೆ ಬಿಗಿದ ಹಿಡಿಕೆ ಹಾಗೂ ಬೀಗ ಹಾಕದೆ ತೆರೆದಿಡುವ ನಿರ್ವಹಣೆ – ಇವೆಲ್ಲ ಸೇರಿದಾಗಲೇ ಶೌಚಾಲಯ ಸುಗಮ್ಯವೆನಿಸುತ್ತದೆ.

## ನಗರದೊಳಗಿನ ಸಾರಿಗೆ

ನಮ್ಮ ಮೆಟ್ರೊದ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣವು ಉದ್ಯಾನದ ಪಶ್ಚಿಮ ದ್ವಾರಕ್ಕೆ ಸಮೀಪದಲ್ಲಿದೆ. 2017ರ ಜೂನ್‌ನಲ್ಲಿ ಆರಂಭವಾದ ಈ ನಿಲ್ದಾಣವು ಎತ್ತರಿಸಿದ ಮಾರ್ಗದಲ್ಲಿದ್ದು, ಲಿಫ್ಟ್ ಸೌಲಭ್ಯ ಹೊಂದಿದೆ. ಮೆಟ್ರೊ ರೈಲುಗಳಲ್ಲಿ ಗಾಲಿಕುರ್ಚಿಗೆ ಮೀಸಲಾದ ಜಾಗವಿದೆ. ರೈಲಿನ ನೆಲ ಮತ್ತು ಪ್ಲಾಟ್‌ಫಾರ್ಮ್ ಬಹುತೇಕ ಒಂದೇ ಮಟ್ಟದಲ್ಲಿರುತ್ತವೆ.

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ತಗ್ಗು ನೆಲದ ಬಸ್ಸುಗಳಲ್ಲಿ ನೆಲವು ರಸ್ತೆಯಿಂದ ಸುಮಾರು 40 ಸೆಂ.ಮೀ. ಎತ್ತರದಲ್ಲಿದ್ದು, ಮಡಚುವ ರ‍್ಯಾಂಪ್‌ನ ಮೂಲಕ ಗಾಲಿಕುರ್ಚಿ ಹತ್ತಬಹುದು. ರ‍್ಯಾಂಪ್ ಉಪಯೋಗಕ್ಕೆ ಬರಬೇಕಾದರೆ ಬಸ್ಸು ಪಾದಚಾರಿ ಮಾರ್ಗದ ಅಂಚಿಗೆ ಬಂದು ನಿಲ್ಲಬೇಕು. ನಿಲ್ದಾಣದಿಂದ ದ್ವಾರದವರೆಗಿನ ಪಾದಚಾರಿ ಮಾರ್ಗದಲ್ಲಿ ವಾಹನ ನಿಲ್ಲಿಸಿದರೆ ಅಥವಾ ಅಂಗಡಿ ಇಟ್ಟರೆ ಹಿಂದಿನ ಎಲ್ಲ ಅನುಕೂಲಗಳೂ ವ್ಯರ್ಥವಾಗುತ್ತವೆ. ಪ್ರದರ್ಶನದ ದಿನಗಳಲ್ಲಿ ಸುತ್ತಲಿನ ರಸ್ತೆಗಳಲ್ಲಿ ವಾಹನ ನಿಲುಗಡೆಯನ್ನು ನಿರ್ಬಂಧಿಸಿ, ಶಾಂತಿನಗರದ ಬಸ್ ನಿಲ್ದಾಣ ಮುಂತಾದ ಕಡೆ ಅವಕಾಶ ಕಲ್ಪಿಸಲಾಗುತ್ತದೆ. ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಬರುವವರಿಗೆ ದೂರದ ನಿಲುಗಡೆಯೂ ಒಂದು ತೊಡಕು. ಸ್ಕೂಟರ್ ನಿಲ್ಲಿಸಿದಲ್ಲಿಂದ ಮುಂದಕ್ಕೆ ಅವರ ಬಳಿ ಗಾಲಿಕುರ್ಚಿ ಇರುವುದಿಲ್ಲ.

## ಗೋಪಿನಾಥಂ, ಹನೂರು, ಕೊಳ್ಳೇಗಾಲ ಮತ್ತು ಯಳಂದೂರು ಭಾಗದಿಂದ ಪ್ರಯಾಣ

ಗೋಪಿನಾಥಂ ತಮಿಳುನಾಡಿನ ಗಡಿಯಲ್ಲಿ, ಕಾವೇರಿ ವನ್ಯಜೀವಿಧಾಮದ ಕಾಡಿನ ನಡುವೆ ಇರುವ ಗ್ರಾಮ. ಇಲ್ಲಿಂದ ಪಾಲಾರ್, ಮಲೆ ಮಹದೇಶ್ವರ ಬೆಟ್ಟ ಮತ್ತು ಹನೂರಿನ ಮೂಲಕ ಕೊಳ್ಳೇಗಾಲ ತಲುಪಬೇಕು. ಮಹದೇಶ್ವರ ಬೆಟ್ಟದ ರಸ್ತೆ ಹಲವು ಕಡಿದಾದ ತಿರುವುಗಳ ಘಟ್ಟದ ದಾರಿ. ಬೆಟ್ಟದಿಂದ ಬೆಂಗಳೂರಿಗೆ ಸುಮಾರು 210 ಕಿ.ಮೀ., ಮೈಸೂರಿಗೆ ಸುಮಾರು 150 ಕಿ.ಮೀ. ದೂರವಿದ್ದು, ಗೋಪಿನಾಥಂ ಅದಕ್ಕೂ ಆಚೆ ಇದೆ. ಕೊಳ್ಳೇಗಾಲ, ಹನೂರು, ಯಳಂದೂರು ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ. ಆದ್ದರಿಂದ ಬಸ್ಸೇ ಮುಖ್ಯ ಸಾಧನ. ಗ್ರಾಮಾಂತರ ಬಸ್ಸುಗಳ ನೆಲ ಎತ್ತರದಲ್ಲಿದ್ದು, ಕಿರಿದಾದ ಕಡಿದಾದ ಮೆಟ್ಟಿಲುಗಳನ್ನು ಹತ್ತಬೇಕಾಗುತ್ತದೆ. ಗಾಲಿಕುರ್ಚಿ ಬಳಸುವವರನ್ನು ಎತ್ತಿ ಕೂರಿಸಿ, ಕುರ್ಚಿಯನ್ನು ಮಡಚಿ ಒಯ್ಯುವುದೇ ರೂಢಿ.

ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ವಿಕಲಚೇತನರಿಗೆ ನೀಡುವ ವಾರ್ಷಿಕ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯೊಳಗಿನ ಪ್ರಯಾಣಕ್ಕೆ ಅನ್ವಯಿಸುತ್ತದೆ. ಈ ಮಿತಿಯ ಪರಿಣಾಮ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಕೊಳ್ಳೇಗಾಲದಿಂದ ಮೈಸೂರಿಗೆ ಸುಮಾರು 60 ಕಿ.ಮೀ. ದೂರವಿದ್ದು, ಕೊಳ್ಳೇಗಾಲ, ಯಳಂದೂರು ಹಾಗೂ ಹನೂರು ಪಟ್ಟಣದವರಿಗೆ ದಸರಾ ಪ್ರದರ್ಶನವು ಪಾಸಿನ ಮಿತಿಯೊಳಗೆ ಬರುತ್ತದೆ, ಲಾಲ್‌ಬಾಗ್ ಬರುವುದಿಲ್ಲ. ಗೋಪಿನಾಥಂನವರಿಗೆ ಎರಡೂ ಮಿತಿಯ ಹೊರಗೆ ಉಳಿಯುತ್ತವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ದೂರದ ಮಿತಿಯಿಲ್ಲದೆ ರಾಜ್ಯದೊಳಗೆ ಉಚಿತವಾಗಿ ಸಂಚರಿಸಬಹುದು. ಆದ್ದರಿಂದ ಅದೇ ಗ್ರಾಮದ ವಿಕಲಚೇತನ ಮಹಿಳೆಗೂ ಆಕೆಯ ಜೊತೆ ಹೋಗುವ ಮಹಿಳೆಗೂ ಟಿಕೆಟಿನ ಹೊರೆಯಿಲ್ಲ; ವಿಕಲಚೇತನ ಪುರುಷನು ಮಿತಿಯಾಚೆಗಿನ ಪ್ರಯಾಣಕ್ಕೆ ಹಣ ತೆರಬೇಕಾಗುತ್ತದೆ.

ಕೊಳ್ಳೇಗಾಲದಿಂದ ಮಳವಳ್ಳಿ, ಕನಕಪುರ ಮೂಲಕ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 ನಗರ ಪ್ರವೇಶಿಸುವಲ್ಲೇ ಹಸಿರು ಮಾರ್ಗದ ದಕ್ಷಿಣ ತುದಿಯ ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣವಿದೆ. 2021ರ ಜನವರಿಯಲ್ಲಿ ಮಾರ್ಗವು ಇಲ್ಲಿಯವರೆಗೆ ವಿಸ್ತರಣೆಗೊಂಡ ಬಳಿಕ, ರೈಲು ಬದಲಿಸದೆ ಇಲ್ಲಿಂದ ಲಾಲ್‌ಬಾಗ್ ನಿಲ್ದಾಣವನ್ನು ತಲುಪಲು ಸಾಧ್ಯವಾಗಿದೆ. ನಗರದ ಕೇಂದ್ರ ಬಸ್ ನಿಲ್ದಾಣದವರೆಗೆ ಹೋಗುವವರು ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಿಂದ ಅದೇ ಮಾರ್ಗದಲ್ಲಿ ದಕ್ಷಿಣಕ್ಕೆ ಪ್ರಯಾಣಿಸಬಹುದು.

ಸರ್ಕಾರಿ ಸೌಲಭ್ಯಗಳ ಮಾಹಿತಿ ಗ್ರಾಮಮಟ್ಟದಲ್ಲಿ ತಲುಪುವುದು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ. ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ವಿಶಿಷ್ಟ ಗುರುತಿನ ಚೀಟಿ, ಬಸ್ ಪಾಸು ಮತ್ತು ಸಾಧನ ಸಲಕರಣೆಗಳ ಅರ್ಜಿಗೆ ಇವರು ನೆರವಾಗುತ್ತಾರೆ.

## ಮೈಸೂರಿನ ಪ್ರದರ್ಶನಗಳು

ದಸರಾ ಫಲಪುಷ್ಪ ಪ್ರದರ್ಶನ ನಡೆಯುವ ಕುಪ್ಪಣ್ಣ ಉದ್ಯಾನಕ್ಕೆ ಹಿಂದೆ ನಿಷಾತ್ ಬಾಗ್ ಎಂಬ ಹೆಸರಿತ್ತು. ಲಾಲ್‌ಬಾಗ್‌ಗೆ ಹೋಲಿಸಿದರೆ ಇದು ಚಿಕ್ಕದಾದುದರಿಂದ ನಡೆಯಬೇಕಾದ ದೂರ ಕಡಿಮೆ. ಆದರೆ ನವರಾತ್ರಿಯ ದಿನಗಳಲ್ಲಿ ನಗರದ ಕೇಂದ್ರಭಾಗದಲ್ಲಿ ಸಂಚಾರ ಮಾರ್ಗಗಳು ಬದಲಾಗುತ್ತವೆ. ಸಂಜೆ ದೀಪಾಲಂಕಾರ ನೋಡಲು ಬರುವವರಿಂದ ರಸ್ತೆಗಳು ತುಂಬುತ್ತವೆ. ಡಿಸೆಂಬರ್ ತಿಂಗಳಲ್ಲಿ ಅರಮನೆಯ ಆವರಣದಲ್ಲಿಯೂ ಫಲಪುಷ್ಪ ಪ್ರದರ್ಶನ ಏರ್ಪಡುತ್ತದೆ.

## ಇತರ ಕಡೆಗಳಲ್ಲಿ

ಚಾಮರಾಜನಗರ ಜಿಲ್ಲೆಗೆ ನೆರೆಯ ನೀಲಗಿರಿಯಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ಊಟಿಯ ಸರ್ಕಾರಿ ಸಸ್ಯೋದ್ಯಾನದ ಪುಷ್ಪ ಪ್ರದರ್ಶನ ನಡೆಯುತ್ತದೆ. ಬೆಟ್ಟದ ಇಳಿಜಾರಿನಲ್ಲಿರುವ ಈ ಉದ್ಯಾನದ ಮೇಲ್ಭಾಗಗಳನ್ನು ತಲುಪುವುದು ಚಲನಸಾಮರ್ಥ್ಯ ಕುಗ್ಗಿದವರಿಗೆ ಶ್ರಮದಾಯಕ.

ಜರ್ಮನಿಯಲ್ಲಿ 1951ರಿಂದ ಬೇರೆ ಬೇರೆ ನಗರಗಳಲ್ಲಿ ನಡೆಯುತ್ತಿರುವ ರಾಷ್ಟ್ರೀಯ ಉದ್ಯಾನ ಪ್ರದರ್ಶನವು ಒಂದೇ ನಗರದ ಹಲವು ಸ್ಥಳಗಳಿಗೆ ಹರಡಿಕೊಳ್ಳುವುದುಂಟು. 2023ರಲ್ಲಿ ಮಾನ್‌ಹೈಮ್ ನಗರದ ಲೂಯಿಸನ್ ಉದ್ಯಾನ ಮತ್ತು ಸ್ಪಿನೆಲ್ಲಿ ಪ್ರದೇಶಗಳನ್ನು ತೂಗುತೊಟ್ಟಿಲ ಮಾರ್ಗದಿಂದ ಜೋಡಿಸಲಾಗಿತ್ತು. ಎರಡು ಆವರಣಗಳ ನಡುವಿನ ಸಾರಿಗೆಯನ್ನೂ ಪ್ರದರ್ಶನದ ಭಾಗವಾಗಿಯೇ ಯೋಜಿಸಿದ ನಿದರ್ಶನವಿದು.

## ಇವನ್ನೂ ನೋಡಿ

* ಲಾಲ್‌ಬಾಗ್
* ಮೈಸೂರು ದಸರಾ
* ಗೋಪಿನಾಥಂ
* ಸುಗಮ್ಯ ಭಾರತ ಅಭಿಯಾನ
* ನಮ್ಮ ಮೆಟ್ರೊ
* ಜಿ. ಎಚ್. ಕ್ರುಂಬಿಗಲ್